ಕಿಚ್ಚು ಹಾಯಿಸಿದ ಮಾರನೆಯ ದಿನ

ಚಾಮರಾಜಪುರಂನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆಗಳಿವೆ. ಕಳೆದ ಮೂರು ಚಳಿಗಾಲವೂ ಅಲ್ಲಿ ಜರ್ಮನಿಯ ಒಬ್ಬ ಮಾಜಿ ಮೇಯರ್ ಇದ್ದು ಹೋಗಿದ್ದಾರೆ. ಅವರ ಮಂಡಿನೋವಿಗೆ ಇಲ್ಲಿನ ಆಯುರ್ವೇದ ವೈದ್ಯರೊಬ್ಬರ ಎಣ್ಣೆ ಹಿಡಿಸಿದೆ. ನವೆಂಬರ್ ಕೊನೆಗೆ ಬಂದು ಸಂಕ್ರಾಂತಿಗೆ ಮೊದಲು ಹೊರಡುವುದು ವಾಡಿಕೆ. ವಯಸ್ಸು ಎಪ್ಪತ್ತರ ಆಸುಪಾಸು, ಎತ್ತರದ ಆಳು, ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡು ಕಾಲು ಇಟ್ಟು ಇಳಿಯುತ್ತಾರೆ. ಬೀದಿಯವರೆಲ್ಲ ಅವರನ್ನು ಮೇಯರ್ ಸಾಹೇಬ್ರು ಎಂದೇ ಕರೆಯುತ್ತಾರೆ.

ನಾನು ಸಂಜೆ ಪತ್ರಿಕೆಯೊಂದಕ್ಕೆ ಬಹಳ ವರ್ಷ ನಗರಪಾಲಿಕೆಯ ಸುದ್ದಿ ಬರೆದವನು. ಹಾಗಾಗಿ ಅವರಿಗೂ ನನಗೂ ಮಾತಿಗೆ ಬರವಿರಲಿಲ್ಲ. ಬೆಳಗಿನ ಕಾಫಿಗೆ ಅವರು ಕೆಳಗೆ ಬಂದರೆ ಜಗಲಿಯ ಮೇಲೆ ಒಂದು ಗಂಟೆಯಾದರೂ ಕೂರುತ್ತಿದ್ದೆವು. ಮಾತು ಇಂಗ್ಲಿಷಿನಲ್ಲಿ. ನಮ್ಮಲ್ಲಿ ಮೇಯರ್ ಅವಧಿ ಒಂದು ವರ್ಷ ಎಂದು ಮೊದಲ ಸಲ ಹೇಳಿದಾಗ ಅವರು ಲೋಟ ಕೆಳಗಿಟ್ಟರು.

"ಒಂದು ವರ್ಷದಲ್ಲಿ ನನಗೆ ಕಚೇರಿಯ ಯಾವ ಬೀರುವಿನ ಕೀಲಿ ಯಾವುದು ಅನ್ನೋದು ಗೊತ್ತಾಗಿತ್ತು, ಅಷ್ಟೇ" ಎಂದರು.

ಅವರು ಇಪ್ಪತ್ತನಾಲ್ಕು ವರ್ಷ ಮೇಯರ್ ಆಗಿದ್ದವರು. ಎಂಟು ವರ್ಷದ ಮೂರು ಅವಧಿ. ಅವರ ಊರು ನಮ್ಮ ಒಂದು ವಾರ್ಡಿಗಿಂತಲೂ ಚಿಕ್ಕದು. ನದಿ, ಅದರ ಮೇಲೊಂದು ಸೇತುವೆ, ಎರಡು ಚರ್ಚು, ಒಂದು ಕಾಗದದ ಕಾರ್ಖಾನೆ. ತಂದೆ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಇವರು ತಾಲ್ಲೂಕು ಕಚೇರಿಯಂಥ ಒಂದು ಕಡೆ ಗುಮಾಸ್ತರಾಗಿದ್ದು, ಯಾವ ಪಕ್ಷಕ್ಕೂ ಸೇರದೆ ಚುನಾವಣೆಗೆ ನಿಂತು ಗೆದ್ದರು. ಎರಡನೆಯ ಸಲ ಎದುರಾಳಿಯೇ ಇರಲಿಲ್ಲ. ಮೂರನೆಯ ಸಲ ಕಷ್ಟಪಟ್ಟು ಗೆದ್ದರು. ನಾಲ್ಕನೆಯ ಸಲ ನಿಲ್ಲಲಿಲ್ಲ.

ನಾನು ನನ್ನ ಹಳೆಯ ಚಾಳಿಯಂತೆ ಸಾಧನೆಗಳ ಪಟ್ಟಿ ಕೇಳಿದೆ. ಮುಚ್ಚಬೇಕಾಗಿದ್ದ ರೈಲು ನಿಲ್ದಾಣ ಉಳಿಸಿದ್ದು, ಒಳಚರಂಡಿ, ಒಂದು ಶಿಶುವಿಹಾರ. ಪಟ್ಟಿ ಅಲ್ಲಿಗೆ ನಿಂತಿತು. ಆದರೆ ಸ್ಮಶಾನದ ಬೇಲಿಗಿಡ ಎಷ್ಟು ಎತ್ತರ ಇರಬೇಕೆಂಬ ಜಗಳವನ್ನು ಮೂರು ದಿನ ಹೇಳಿದರು. ಆ ಜಗಳ ಅವರ ಮೊದಲ ಅವಧಿಯಲ್ಲಿ ಶುರುವಾಗಿ ಮೂರನೆಯದರಲ್ಲಿ ಮುಗಿಯಿತಂತೆ. ಮುಗಿದದ್ದು ಹೇಗೆ ಎಂದು ಕೇಳಿದೆ. ಜಗಳವಾಡುತ್ತಿದ್ದ ಇಬ್ಬರೂ ಅದೇ ಸ್ಮಶಾನಕ್ಕೆ ಹೋದರು ಎಂದರು.

ಎಲ್ಲಕ್ಕಿಂತ ಹೆಚ್ಚು ಅವರು ಹೇಳಿದ್ದು ಹುಟ್ಟುಹಬ್ಬಗಳ ಬಗ್ಗೆ. ಅವರ ಕಡೆ ಒಂದು ಪದ್ಧತಿಯಿದೆ. ಊರಿನಲ್ಲಿ ಯಾರಿಗಾದರೂ ತೊಂಬತ್ತು ತುಂಬಿದರೆ ಮೇಯರ್ ಖುದ್ದಾಗಿ ಮನೆಗೆ ಹೋಗಿ ಒಂದು ಬುಟ್ಟಿ ಕೊಟ್ಟು ಬರಬೇಕು. ಬುಟ್ಟಿಯಲ್ಲಿ ಜೇನು, ಬ್ರೆಡ್ಡು, ಒಂದು ಬಾಟಲಿ ವೈನು. ಕಾಫಿ ಕುಡಿಯಬೇಕು, ಕೇಕ್ ತಿನ್ನಬೇಕು, ಒಂದು ಗಂಟೆ ಕೂರಬೇಕು. ಕೆಲವು ಮೇಯರ್‌ಗಳು ಸಹಾಯಕರನ್ನು ಕಳಿಸುತ್ತಾರೆ. ಇವರು ಕಳಿಸಿದವರಲ್ಲ.

"ಬುಟ್ಟಿಯನ್ನು ಅಂಚೆಯಲ್ಲಿ ಕಳಿಸಬಹುದು. ಕೂರುವುದನ್ನು ಕಳಿಸೋಕಾಗಲ್ಲ" ಎನ್ನುತ್ತಿದ್ದರು.

ಈ ಚಳಿಗಾಲದ ಕಥೆ ಶುರುವಾಗುವುದು ಇಲ್ಲಿಂದಲೇ.

ನಮ್ಮ ಕಾಂಪೌಂಡಿನ ಹಿಂದುಗಡೆ ಒಂದು ಚಿಕ್ಕ ಮನೆಯಿದೆ. ಅಲ್ಲಿ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಟೀಚರ್ ಒಬ್ಬಳು ತನ್ನ ಅಜ್ಜಿಯ ಜೊತೆ ಬಾಡಿಗೆಗಿದ್ದಾಳೆ. ಅಜ್ಜಿ ಹತ್ತಿರದ ಮಂಡಕಳ್ಳಿ ಹಳ್ಳಿಯವರು. ನನ್ನ ತಾಯಿಯ ಕಾಲದಿಂದಲೂ ಈ ಬೀದಿಗಳಲ್ಲಿ ಸೊಪ್ಪು ಮಾರಿದವರು. ತಲೆಯ ಮೇಲಿನ ಬುಟ್ಟಿ ಇಳಿಸಿ ಎಷ್ಟೋ ವರ್ಷವಾಯಿತು, ಆದರೂ ನಮಗೆಲ್ಲ ಅವರು ಸೊಪ್ಪಿನಜ್ಜಿ. ಈಗಲೂ ನಮ್ಮ ಅಡುಗೆಮನೆಗೆ ಬರುವ ಸೊಪ್ಪನ್ನು ಅವರು ನೋಡದೆ ಸೋಸುವಂತಿಲ್ಲ. ಮೇಯರನ್ನು ಅವರು ದೊರೆ ಎಂದು ಕರೆಯುತ್ತಾರೆ. ಇಬ್ಬರಿಗೂ ಸಾಮಾನ್ಯವಾದ ಭಾಷೆ ಇಲ್ಲ. ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಟೀಚರ್ ಅಜ್ಜಿಯ ಆಧಾರ್ ಕಾರ್ಡ್ ಹಿಡಿದು ಜಗಲಿಗೆ ಬಂದಳು. ರೇಷನ್ ಅಂಗಡಿಯ ಯಂತ್ರ ಅಜ್ಜಿಯ ಬೆರಳಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಏನು ಮಾಡಬೇಕೆಂದು ನನ್ನನ್ನು ಕೇಳಲು ಬಂದಿದ್ದಳು. ಕಾರ್ಡು ಮೇಜಿನ ಮೇಲಿತ್ತು. ಮೇಯರ್ ಅದನ್ನು ಕನ್ನಡಕ ಹಾಕಿ ನೋಡಿದರು. ಹುಟ್ಟಿದ ದಿನ ಜನವರಿ ಒಂದು ಎಂದಿತ್ತು. ವರ್ಷ ನೋಡಿ ಬೆರಳಲ್ಲಿ ಏನೋ ಎಣಿಸಿದರು.

"ಈ ದಿನಾಂಕ ಸರಿಯೇ?" ಎಂದು ನನ್ನನ್ನು ಕೇಳಿದರು.

ನಾನು ಪತ್ರಿಕೆ ಓದುತ್ತಿದ್ದೆ. "ಸರ್ಕಾರಿ ದಿನಾಂಕ" ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಈ ಮಾತಿಗೆ ನಮ್ಮಲ್ಲಿ ಇರುವ ಅರ್ಥ ಬೇರೆ, ಇಪ್ಪತ್ತನಾಲ್ಕು ವರ್ಷ ಸರ್ಕಾರಿ ದಾಖಲೆಯನ್ನು ನಂಬಿ ಬುಟ್ಟಿ ಹೊತ್ತವರಿಗೆ ಅದರ ಅರ್ಥವೇ ಬೇರೆ. ಅದು ಆಗ ನನಗೆ ಹೊಳೆಯಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ನಮ್ಮಲ್ಲಿ ಜನವರಿ ಒಂದು ಹಾಕುತ್ತಾರೆ ಎಂಬ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಬೇರೆಯವರ ವರದಿಯಲ್ಲಾದರೆ ಅಂಥ ಸಾಲು ಬಿಟ್ಟುಹೋದದ್ದನ್ನು ನಾನು ತಕ್ಷಣ ಹಿಡಿಯುತ್ತಿದ್ದೆ.

ಜನವರಿ ಒಂದರ ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಹಿತ್ತಲಲ್ಲಿ ಮಾತು ಕೇಳಿಸಿತು. ಮೇಯರ್ ಕೋಟು ಹಾಕಿ, ಟೈ ಕಟ್ಟಿ, ಬೂಟು ಮೆಟ್ಟಿ ನಿಂತಿದ್ದರು. ಕೈಯಲ್ಲಿ ಬಿದಿರಿನ ಬುಟ್ಟಿ, ಅದರ ತುಂಬ ಹಣ್ಣು, ಒಂದು ಜೇನಿನ ಬಾಟಲಿ. ಅಜ್ಜಿ ಹೊಸ್ತಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನನ್ನ ಹೆಂಡತಿ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು.

"ಇದೇನ್ ದೊರೆ, ಮದ್ವೆ ಮನೆಗ್ ಹೊಂಟಂಗ್ ಹೊಂಟಿದ್ದೀರಿ" ಎಂದರು ಅಜ್ಜಿ.

ಮೇಯರ್ ಬಾಯಿಪಾಠ ಮಾಡಿಕೊಂಡಿದ್ದ ಕನ್ನಡ ಹೇಳಿದರು. "ಹುಟ್ಟುಹಬ್ಬದ ಶುಭಾಶಯಗಳು. ತೊಂಬತ್ತು ವರ್ಷ."

ಅಜ್ಜಿ ನನ್ನ ಹೆಂಡತಿಯ ಕಡೆ ನೋಡಿದರು. "ಯಾರ್ದಂತೆ ಅಮ್ಮಾರೆ?"

"ನಿಮ್ದೇ ಅಂತೆ ಕಣಜ್ಜಿ. ಕಾರ್ಡಲ್ಲಿ ನೋಡಿದ್ರಂತೆ."

"ನಂದಾ? ಇವತ್ತಾ?" ಅಜ್ಜಿ ಸೊಪ್ಪು ಕೆಳಗಿಟ್ಟರು. "ಕಾರ್ಡ್ ಮಾಡೋನು ಯಾವತ್ತ್ ಹುಟ್ಟಿದ್ದಜ್ಜಿ ಅಂದ. ಸಂಕ್ರಾಂತಿ ಕಿಚ್ಚಾಯ್ಸಿದ್ ಮಾರ್ನೇ ದಿನ ಕಣಪ್ಪ ಅಂದೆ. ಅಂಗೆಲ್ಲ ಕಂಪ್ಯೂಟರು ತಗಳಲ್ಲ ಅಂದ್ಬುಟ್ಟು ಅವನೇ ಒಂದ್ ದಿನ ಹಾಕ್ಕಂಡ. ಅದು ಅವನ್ ದಿನ, ನಂದಲ್ಲ."

ಮೇಯರ್‌ಗೆ ಅರ್ಥವಾಗಲಿಲ್ಲ. ಬುಟ್ಟಿಯನ್ನು ಮುಂದೆ ಚಾಚಿದರು. ಅಜ್ಜಿ ಕೈ ಮುಗಿದರು, ಬುಟ್ಟಿ ಮುಟ್ಟಲಿಲ್ಲ.

"ಬ್ಯಾಡಿ ದೊರೆ. ಅಲ್ದೆ ಇರೋ ದಿನ ಇಸ್ಕಂಡ್ರೆ ದಕ್ಕಲ್ಲ. ಸೊಪ್ಪಿನ್ ಕಟ್ಟಲ್ಲಿ ಒಂದ್ ಕಡ್ಡಿ ಕಮ್ಮಿ ಮಾಡ್ದೋಳಲ್ಲ ನಾನು."

ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಕಾರ್ಡಿನ ದಿನಾಂಕ, ಜನವರಿ ಒಂದು, ಈ ಬೀದಿಯಲ್ಲೇ ಇನ್ನೂ ನಾಲ್ಕು ಜನ ಇವತ್ತೇ ಹುಟ್ಟಿದವರಿದ್ದಾರೆ ಎಂಬುದು. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅಜ್ಜಿಗೆ ತಲೆ ಬಾಗಿಸಿ, ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿಹೋದರು. ಮಧ್ಯಾಹ್ನ ಆ ಹಣ್ಣುಗಳನ್ನು ಆಟೋ ಸ್ಟ್ಯಾಂಡಿನವರಿಗೆ ಹಂಚಿದರು ಎಂದು ಆಮೇಲೆ ತಿಳಿಯಿತು.

ಸಂಜೆ ಟೀ ಹೊತ್ತಿಗೆ ನಾನೇ ಮೇಲೆ ಹೋದೆ. ತಪ್ಪು ನನ್ನದು ಎಂದೆ. ನನ್ನ ಹುಟ್ಟಿದ ದಿನಾಂಕವೂ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದದ್ದು, ನಿಜವಾದದ್ದು ಎರಡು ತಿಂಗಳು ಆಚೆ ಎಂದೂ ಹೇಳಿದೆ.

"ಹಾಗಾದರೆ ನಿಮ್ಮ ಪತ್ರಿಕೆಯಲ್ಲಿ ಸತ್ತವರ ವಯಸ್ಸು ಹೇಗೆ ಬರೆಯುತ್ತಿದ್ದಿರಿ?"

"ಸುಮಾರು ಅಂತ ಸೇರಿಸಿ."

ಆಗ ಸ್ವಲ್ಪ ನಕ್ಕರು. ಆಮೇಲೆ ಕೋಟಿನ ಜೇಬಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. ತೊಂಬತ್ತರ ಭೇಟಿಗಳೆಲ್ಲ ಅದರಲ್ಲಿದ್ದವು. ದಿನ, ಹೆಸರು, ಏನು ಮಾತಾಡಿದರು ಎಂಬ ಒಂದು ಸಾಲು. ಒಂದು ಪುಟದಲ್ಲಿ ಹೆಸರಿನ ಮುಂದೆ ಒಂದೇ ಪದವಿತ್ತು. 'ನಿರಾಕರಿಸಿದರು' ಎಂದು ಅದರ ಅರ್ಥವಂತೆ.

ಅದು ಎರಡನೆಯ ಅವಧಿಯ ಮಾತು. ಆ ಹೆಂಗಸು ಎರಡನೆಯ ಮಹಾಯುದ್ಧ ಮುಗಿದಾಗ ಪೂರ್ವದ ಕಡೆಯಿಂದ ಓಡಿಬಂದವರು. ಕಾಗದಪತ್ರ ದಾರಿಯಲ್ಲೇ ಹೋಗಿತ್ತು. ನಿರಾಶ್ರಿತರ ಶಿಬಿರದ ಗುಮಾಸ್ತ ಗಡಿಬಿಡಿಯಲ್ಲಿ ಒಂದು ದಿನಾಂಕ ಬರೆದಿದ್ದ. ಇದು ಯಾವುದೂ ಮೇಯರ್‌ಗೆ ಗೊತ್ತಿರಲಿಲ್ಲ. ದಾಖಲೆಯ ಪ್ರಕಾರ ಬುಟ್ಟಿ ಹಿಡಿದು ಹೋದರು. ಜೊತೆಗೆ ಪತ್ರಿಕೆಯ ಫೋಟೊಗ್ರಾಫರ್ ಇದ್ದ. ಆಕೆ ಬಾಗಿಲು ತೆರೆದು, ಇವತ್ತು ನನ್ನ ದಿನವಲ್ಲ, ಸುಗ್ಗಿಯ ತಿಂಗಳಲ್ಲಿ ಬನ್ನಿ ಎಂದು ಹೇಳಿ ಬಾಗಿಲು ಮುಚ್ಚಿದರು.

"ನನಗೆ ಅವಮಾನವಾಯಿತು. ಫೋಟೊಗ್ರಾಫರ್ ನೋಡಿಬಿಟ್ಟ ಅನ್ನೋದೇ ದೊಡ್ಡದಾಯಿತು. ಸುಗ್ಗಿ ಬಂತು, ನಾನು ಹೋಗಲಿಲ್ಲ. ಮುಂದಿನ ವಸಂತಕ್ಕೆ ಆಕೆ ತೀರಿಕೊಂಡರು. ನಿಜವಾದ ದಿನ ಸಮಾಧಿಯ ಕಲ್ಲಿನ ಮೇಲಿತ್ತು. ಸಮಯ ಇರಲಿಲ್ಲ ಅನ್ನುವಂತೆಯೂ ಇಲ್ಲ. ಆ ವಾರ ಬೇಲಿಗಿಡದ ಸಭೆ ಮಾಡಿದ್ದೇನೆ."

ನೋಟ್‌ಬುಕ್ ಜೇಬಿಗೆ ಹಾಕಿ, ಅಜ್ಜಿ ಹೇಳಿದ ಕಿಚ್ಚು ಅಂದರೇನು ಎಂದು ಕೇಳಿದರು. ಹೇಳಿದೆ. ಸಂಕ್ರಾಂತಿಯ ಸಂಜೆ ದನಗಳಿಗೆ ಸಿಂಗಾರ ಮಾಡಿ, ಹುಲ್ಲಿಗೆ ಬೆಂಕಿ ಹಚ್ಚಿ, ಅದರ ಮೇಲೆ ಹಾಯಿಸುವುದು. ಅದು ಯಾವಾಗ ಎಂದರು. ಅದನ್ನೂ ಹೇಳಿದೆ. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತರು. ಅವರ ಟಿಕೆಟ್ ಇದ್ದದ್ದು ಸಂಕ್ರಾಂತಿಗೆ ನಾಲ್ಕು ದಿನ ಮೊದಲು. ಕಿಚ್ಚು ಹಾಯಿಸಿದ ಮಾರನೆಯ ದಿನದ ಚೌಕದಲ್ಲಿ ಅವರೇ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದರು. ಅಂದು ಅವರ ಊರಿನ ಹೊಸವರ್ಷದ ಸಭೆ. ಆ ಸಭೆಯಲ್ಲಿ ಅವರಿಗೆ ಊರಿನ ಗೌರವ ನಾಗರಿಕ ಎಂಬ ಬಿರುದು ಕೊಡುವವರಿದ್ದರು. ಇಪ್ಪತ್ತನಾಲ್ಕು ವರ್ಷಕ್ಕೆ ಊರು ಕೊಡುತ್ತಿದ್ದ ಒಂದೇ ಒಂದು ಉಡುಗೊರೆ ಅದು. ಒಂದೇ ದಿನ ಎರಡು ಕಡೆ ಇರುವುದಕ್ಕೆ ಆಗುವುದಿಲ್ಲ.

ಆ ವಾರವೆಲ್ಲ ಅವರು ಕಾಫಿ ಮುಗಿಸಿದ ತಕ್ಷಣ ಮೇಲೆ ಹೋಗಿಬಿಡುತ್ತಿದ್ದರು. ನನ್ನ ಹೆಂಡತಿಗೆ ಚಡಪಡಿಕೆ.

"ಅಲ್ಲಾ ಕಣ್ರೀ, ಆ ಅಜ್ಜಿಗೆ ಇದೆಲ್ಲ ಏನು ಲೆಕ್ಕ? ಮುಂದಿನ ವರ್ಷ ಕೊಟ್ರಾಯ್ತು. ನೀವಾದ್ರೂ ಹೇಳಬಾರ್ದಾ?"

"ತೊಂಬತ್ತಾದವರ ವಿಷಯದಲ್ಲಿ ಮುಂದಿನ ವರ್ಷ ಅಂತ ಹೇಗೆ ಹೇಳೋದು?"

"ಹಾಗಾದ್ರೆ ಇರಿ ಅಂತ ಹೇಳಿ."

"ಅದನ್ನೂ ನಾನು ಹೇಳೋ ಹಾಗಿಲ್ಲ."

"ಮತ್ತೆ ನೀವು ಇರೋದು ಯಾಕೆ?" ಎಂದು ಒಳಗೆ ಹೋದಳು.

ಮೇಯರ್ ಊರಿನಲ್ಲಿರುವ ತಮ್ಮ ಮಗಳಿಗೆ ಫೋನ್ ಮಾಡಿದರು. ಮಗಳು ಚೆನ್ನಾಗಿ ಬೈದಳಂತೆ. ಚಿಕ್ಕಂದಿನಲ್ಲಿ ತನ್ನ ಹುಟ್ಟುಹಬ್ಬಗಳಿಗೆ ಅಪ್ಪ ಇರಲಿಲ್ಲ, ಯಾರದೋ ತೊಂಬತ್ತಕ್ಕೆ ಹೋಗಿರುತ್ತಿದ್ದರು. ಈಗ ಅಪ್ಪನನ್ನು ಊರು ಕರೆದು ಕೂರಿಸುವ ದಿನವೂ ಇನ್ನೊಬ್ಬರ ತೊಂಬತ್ತೇ ಎಂದಳಂತೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ಅವರೇ ನನಗೆ ಹೇಳಿದರು.

ಟಿಕೆಟ್‌ಗೆ ಎರಡು ದಿನ ಇರುವಾಗ ಕೇಳಿದರು. "ನಾನು ಹೋಗದಿದ್ದರೆ ಊರಿಗೆ ಅವಮಾನ ಮಾಡಿದ ಹಾಗಾಗುತ್ತದೆಯೇ? ವರದಿಗಾರರಾಗಿ ಹೇಳಿ."

"ಗೈರುಹಾಜರಾದರೆ ಸುದ್ದಿಯಾಗುತ್ತದೆ. ಕಾರಣ ಬರೆದು ಕಳಿಸಿದರೆ ಕಾರಣವೇ ಸುದ್ದಿಯಾಗುತ್ತದೆ" ಎಂದೆ. ಅಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು.

ಅವರು ಒಂದು ಪುಟ ಬರೆದರು. ಮೊದಲು ಆರು ಪುಟವಿತ್ತು. ಇಂಗ್ಲಿಷಿನಲ್ಲಿ ಓದಿ ಹೇಳಿದರು, ಎಲ್ಲಿ ಕತ್ತರಿಸಬೇಕೆಂದು ನಾನು ಹೇಳಿದೆ. ರೈಲು ನಿಲ್ದಾಣ ಹೋಯಿತು, ಶಿಶುವಿಹಾರ ಹೋಯಿತು. ಮುಚ್ಚಿದ ಬಾಗಿಲು, ಅವರು ಹೋಗದೆ ಉಳಿದ ಸುಗ್ಗಿ, ಮಂಡಕಳ್ಳಿಯ ಅಜ್ಜಿ, ಇಷ್ಟು ಉಳಿಯಿತು. ಬಿರುದನ್ನು ತನ್ನ ಪರವಾಗಿ ಮಗಳು ತೆಗೆದುಕೊಳ್ಳಲಿ, ಅವಳಿಗೂ ಅದರಲ್ಲಿ ಪಾಲಿದೆ ಎಂಬ ಕೊನೆಯ ಸಾಲನ್ನು ಅವರೇ ಸೇರಿಸಿದರು. ಸಭೆಯಲ್ಲಿ ಓದಲೆಂದು ಅದನ್ನು ಊರಿಗೆ ಕಳಿಸಿ, ಆಮೇಲೆ ಟಿಕೆಟ್ ಬದಲಾಯಿಸಿದರು.

ಒಂದು ಸಲ ಎಡವಿದ ಮೇಲೆ ನಾನು ಅಜ್ಜಿಯ ಮಾತನ್ನೂ ಪರಿಶೀಲಿಸದೆ ಬಿಡುವಂತಿರಲಿಲ್ಲ. ಸಂಕ್ರಾಂತಿಯ ಸಂಜೆ ಮೇಯರ್, ಟೀಚರ್, ನಾನು ಆಟೋದಲ್ಲಿ ಮಂಡಕಳ್ಳಿಗೆ ಹೋದೆವು. ಅಲ್ಲಿ ಅಜ್ಜಿಯ ತಮ್ಮ ಇದ್ದಾರೆ. ಕಿಚ್ಚಿಗೆ ಹುಲ್ಲು ಹರಡುತ್ತಿದ್ದರು. ಎತ್ತುಗಳು ಕಡಿಮೆ, ಸೀಮೆಹಸುಗಳು ಹೆಚ್ಚು. ಕೊಂಬಿಗೆ ಬಣ್ಣ, ಕೊರಳಿಗೆ ಬಲೂನು. ಒಂದು ಸೀಮೆಹಸು ಬೆಂಕಿ ನೋಡಿ ಕೂತೇಬಿಟ್ಟಿತು. ನಾಲ್ಕು ಜನ ತಳ್ಳಿದರೂ ಏಳಲಿಲ್ಲ. ನಮ್ಮ ಕೌನ್ಸಿಲ್ಲಿನಲ್ಲೂ ಒಬ್ಬರು ಹೀಗೇ ಇದ್ದರು ಎಂದರು ಮೇಯರ್.

ತಮ್ಮನನ್ನು ಕೇಳಿದೆ.

"ಅಕ್ಕ ಹುಟ್ಟಿದ್ ದಿನ ನಂಗೆಂಗ್ ಗೊತ್ತಾದದು ಸಾಮಿ, ನಾನ್ ಆಮೇಲ್ ಹುಟ್ಟಿದೋನು" ಎಂದರು ಅವರು. "ಆದ್ರೆ ನಮ್ಮವ್ವ ವರ್ಷಾವರ್ಷ ಕಿಚ್ಚಿನ್ ಮುಂದೆ ನಿಂತ್ಕಂಡು ಅದ್ನೇ ಹೇಳ್ತಿತ್ತು. ಕಿಚ್ಚಾಯ್ಸಿ ಮನೆಗ್ ಬಂದೆ, ನೋವು ಬಂತು, ಬೆಳಗಾಗೋವಷ್ಟ್ರಲ್ಲಿ ಹೆಣ್ಣಾಯ್ತು ಅಂತ."

"ಯಾವ ವರ್ಷ?"

"ಅದೆಲ್ಲ ಕೇಳ್ಬ್ಯಾಡಿ. ತೊಂಬತ್ತೇ ಇರ್ಲಿ, ಎರಡ್ ಹೆಚ್ಚಿರ್ಲಿ, ಎರಡ್ ಕಮ್ಮಿ ಇರ್ಲಿ. ಅಕ್ಕ ಏನ್ ಇಸ್ಕೂಲಿಗ್ ಸೇರ್ಬೇಕಾ?"

ದಿನ ಖಚಿತ, ವರ್ಷ ಖಚಿತವಲ್ಲ ಎಂದು ಮೇಯರ್‌ಗೆ ವರದಿ ಒಪ್ಪಿಸಿದೆ. ಅವರ ಪದ್ಧತಿಗೆ ತೊಂಬತ್ತು ಮುಖ್ಯ ಎಂದು ನನಗೆ ಗೊತ್ತಿತ್ತು. ಬೆಂಕಿ ಆರುವವರೆಗೂ ಅವರು ಅಲ್ಲೇ ನಿಂತು ನೋಡಿದರು. ಆಟೋ ಹತ್ತುವಾಗ, "ದಿನ ಸಾಕು" ಎಂದರು.

ಮಾರನೆಯ ದಿನ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಒಬ್ಬರೇ ಹೋಗಿ ಹೊಸದಾಗಿ ಹಣ್ಣು ತಂದರು. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಊಟ, ಮೂರು ಗಂಟೆಗೆ ಬರಬಹುದು ಎಂದು ಅಜ್ಜಿ ಹೇಳಿಕಳಿಸಿದ್ದರು. ಮೂರಕ್ಕೆ ಸರಿಯಾಗಿ ಅದೇ ಕೋಟು, ಅದೇ ಟೈ. ಅಜ್ಜಿ ತಲೆಗೆ ಎಣ್ಣೆ ಹಚ್ಚಿ, ಜರಿಯಂಚಿನ ಸೀರೆ ಉಟ್ಟು, ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಲ ಬುಡದಲ್ಲಿ ನೆನೆಹಾಕಿದ ಅವರೆಕಾಳಿನ ಬೇಸನ್ನು.

ಮೇಯರ್ ಶುಭಾಶಯ ಹೇಳಿದರು. ಈ ಸಲ ಎಷ್ಟು ವರ್ಷ ಎಂದು ಹೇಳಲಿಲ್ಲ. ಅಜ್ಜಿ ಎರಡೂ ಕೈಯಲ್ಲಿ ಬುಟ್ಟಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಅದರ ಹೆಣಿಗೆಯನ್ನು ಮೊದಲು ನೋಡಿದರು. ಆಮೇಲೆ ಸೀಬೆಹಣ್ಣನ್ನು ಒಂದೊಂದಾಗಿ ಒತ್ತಿದರು. ಬಾಳೆಹಣ್ಣಿನ ಚಿಪ್ಪು ತಿರುಗಿಸಿ ಹಿಂದುಗಡೆ ನೋಡಿದರು.

"ಎಲ್ ತಂದ್ರಿ ದೊರೆ? ಮಾರ್ಕೆಟ್ಟಲ್ಲಾ? ನಿಮ್ಗೆ ಚೆನ್ನಾಗ್ ಟೋಪಿ ಹಾಕವ್ರೆ. ಮುಂದಗಡೆ ಒಳ್ಳೇದು, ಹಿಂದ್ಗಡೆ ಎಲ್ಲಾ ಕಪ್ಪಗಾಗದೆ."

ಟೀಚರ್ ನಗುತ್ತ ಇಂಗ್ಲಿಷಿಗೆ ತಿರುಗಿಸಿದಳು. ಮೇಯರ್ ಮೊಮ್ಮಗಳ ಕಡೆಗೆ ನೋಡಿ, "ಹದಿನೈದು ದಿನ ತಡವಾಗಿಲ್ಲ, ಹದಿನೈದು ದಿನ ಮೊದಲೇ ಬಂದಿದ್ದೆ, ಅದಕ್ಕೆ ಕ್ಷಮಿಸಬೇಕು ಎಂದು ಹೇಳಿ" ಎಂದರು. ಅವಳು ಹೇಳಿದಳು.

"ಬಂದೋರು ಬಂದ್ರಲ್ಲ, ಬುಡಿ" ಎಂದರು ಅಜ್ಜಿ. "ನಿಂತೇ ಇದ್ದೀರಲ್ಲ, ಕೂತ್ಕಳಿ. ಒಂದ್ ಗಂಟೆ ಕೂರ್ತಾರಂತಲ್ಲ ಇವ್ರ ಕಡೆ. ಸುಮ್ನೆ ಯಾಕ್ ಕೂರೋದು, ಅವರೆ ಹಿತ್ಕಿ. ರಾತ್ರಿಗೆ ಹಿತಕವರೆ ಸಾರು ಮಾಡ್ತಳೆ ಇವ್ಳು."

ಮೇಯರ್ ಕೋಟು ಕಳಚಿ ಪಕ್ಕದ ಇನ್ನೊಂದು ಕುರ್ಚಿಗೆ ನೇತುಹಾಕಿ, ಟೈಯನ್ನು ಅಂಗಿಯ ಗುಂಡಿಗಳ ನಡುವೆ ಸಿಕ್ಕಿಸಿ ಕೂತರು. ಕಾಳನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಬೀಳಬೇಕು. ಅವರದು ಪಾತ್ರೆ ಬಿಟ್ಟು ಎಲ್ಲ ಕಡೆ ಹಾರಿತು. ಒಂದು ನನ್ನ ಕನ್ನಡಕಕ್ಕೆ ತಾಗಿತು. ನನ್ನ ಹೆಂಡತಿ ಎಳ್ಳುಬೆಲ್ಲ ತಂದಿಟ್ಟು ತಾನೂ ಕೂತಳು. ಅರ್ಧ ಗಂಟೆಯ ಹೊತ್ತಿಗೆ ಅವರಿಗೆ ಕೈ ಹತ್ತಿತು. ಅವರ ಊರಿನಲ್ಲಿ ಸಭೆ ಶುರುವಾಗುವ ಹೊತ್ತು ಅದು. ಅವರು ಒಮ್ಮೆ ಗಡಿಯಾರ ನೋಡಿ ಮತ್ತೆ ಕಾಳಿಗೆ ಕೈ ಹಾಕಿದರು.

ಐದು ಗಂಟೆಗೆ ಫೋನ್ ಬಂತು. ಅವರ ಕೈ ಅಂಟಾಗಿತ್ತು. ಟೀಚರ್ ಫೋನನ್ನು ಅವರ ಕಿವಿಗೆ ಹಿಡಿದಳು. ಮಗಳು ಬಹಳ ಹೊತ್ತು ಮಾತಾಡಿದಳು. ಇವರು ಹೂಂ ಹೂಂ ಎನ್ನುತ್ತಿದ್ದರು.

"ಏನಂತೆ?" ಎಂದೆ.

"ನನ್ನ ಪತ್ರವನ್ನು ಅವಳೇ ಓದಿದಳಂತೆ. ಓದಿ ಮುಗಿಸಿದ ಮೇಲೆ ಚಪ್ಪಾಳೆ ಹೊಡೆದರಂತೆ. ಆಮೇಲೆ ಊಟಕ್ಕೆ ಎದ್ದರಂತೆ." ಫೋನ್ ಇನ್ನೂ ಕಿವಿಯ ಹತ್ತಿರವೇ ಇತ್ತು. "ಈಗ ಆ ಅಜ್ಜಿ ಬುಟ್ಟಿ ತೆಗೆದುಕೊಂಡರಾ ಎಂದು ಕೇಳುತ್ತಿದ್ದಾಳೆ."

ಟೀಚರ್ ಅದನ್ನು ಅಜ್ಜಿಗೆ ಹೇಳಿದಳು. ಅಜ್ಜಿ ಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ.

"ತಗಂಡೆ ಅನ್ನು ಅವ್ರ ಮಗ್ಳಿಗೆ. ಬಾಳೆಹಣ್ಣ್ ಒಂದ್ ಸರಿಯಿಲ್ಲ, ಮಿಕ್ಕಿದ್ದೆಲ್ಲ ಸರಿಯಾಗದೆ ಅನ್ನು."